ಹೊಸ ಲ್ಯಾಪ್‌ಟಾಪ್ ತಗೊಳ್ಳೋ ಮುಂಚೆ ಹಳೇ ಪ್ರಿಂಟರ್ ಕಡೆ ಒಮ್ಮೆ ನೋಡಿ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದಾದ ಮೇಲೆ ನಮ್ಮ ಕಡೆ ಅಂಗಡಿ, ಆಫೀಸು, ಎಸ್ಟೇಟು ಎಲ್ಲೆಡೆ ಕಂಪ್ಯೂಟರ್ ಬದಲಾಯಿಸುವ ಮಾತು. ಹಾಸನದ ಬಿ.ಎಂ. ರಸ್ತೆಯಲ್ಲೋ ಚಿಕ್ಕಮಗಳೂರಿನ ಐ.ಜಿ. ರಸ್ತೆಯಲ್ಲೋ ಅಂಗಡಿಗೆ ಹೋದರೆ ಮೊದಲೆಲ್ಲ ಕೇಳುತ್ತಿದ್ದದ್ದು ಇಷ್ಟೇ: ಐ3 ಸಾಕಾ, ಐ5 ಬೇಕಾ, ರ‍್ಯಾಮ್ ಎಷ್ಟು? ಈಗ ಅದಕ್ಕೂ ಮುಂಚೆ ಕೇಳಬೇಕಾದ ಪ್ರಶ್ನೆ ಒಂದಿದೆ. ಒಳಗಿರುವ ಪ್ರೊಸೆಸರ್ ಯಾವ ಬಗೆಯದು?

ಕೌಂಟರ್ ಮೇಲೆ ಸಿಗುವುದು ಮೂರು ಬಗೆ. ಒಂದು, ಇಂಟೆಲ್ ಅಥವಾ ಎಎಂಡಿ ಇರುವ ವಿಂಡೋಸ್ ಯಂತ್ರ. ಇದು 1978ರ 8086 ಚಿಪ್‌ನಿಂದ ಬೆಳೆದುಬಂದ ಎಕ್ಸ್86 ವಂಶ, ನಾವೆಲ್ಲ ಇಷ್ಟು ವರ್ಷ ಬಳಸಿದ್ದು ಇದನ್ನೇ. ಎರಡು, ಸ್ನಾಪ್‌ಡ್ರಾಗನ್ ಎಕ್ಸ್ ಚಿಪ್ ಇರುವ ವಿಂಡೋಸ್ ಲ್ಯಾಪ್‌ಟಾಪ್. 2024ರ ಜೂನ್‌ನಲ್ಲಿ ಮಾರುಕಟ್ಟೆಗೆ ಬಂತು. ಮೂರು, ಆಪಲ್‌ನ ಮ್ಯಾಕ್. 2020ರ ನವೆಂಬರ್‌ನಲ್ಲಿ ಎಂ1 ಬಂದ ಮೇಲೆ ಆಪಲ್ ಒಂದೊಂದಾಗಿ ಇಂಟೆಲ್ ಬಿಟ್ಟುಬಿಟ್ಟಿತು. ಸ್ನಾಪ್‌ಡ್ರಾಗನ್, ಎಂ ಚಿಪ್ ಎರಡೂ ಆರ್ಮ್ ಬಗೆಯವು. ನಿಮ್ಮ ಜೇಬಿನ ಮೊಬೈಲಿನಲ್ಲಿರುವುದೂ ಅದೇ.

ಯೂಟ್ಯೂಬ್ ನೋಡಿದರೆ ಎಲ್ಲರೂ ವೇಗ, ಪರದೆ, ಕ್ಯಾಮೆರಾ ಹೋಲಿಸುತ್ತಾರೆ. ಅದು ಕಾಲೇಜು ಹುಡುಗರಿಗೆ ಸರಿ. ಸಕಲೇಶಪುರದಲ್ಲಿ ಕಾಫಿ ಖರೀದಿ ಮಾಡುವವರಿಗೆ, ಅರಸೀಕೆರೆಯಲ್ಲಿ ಲಗ್ನಪತ್ರಿಕೆ ಮಾಡಿಕೊಡುವ ಡಿಟಿಪಿ ಅಂಗಡಿಗೆ, ಊರಿನ ಸಹಕಾರ ಸಂಘಕ್ಕೆ ಈ ಹೋಲಿಕೆಯಿಂದ ಏನೂ ಆಗುವುದಿಲ್ಲ. ಅಲ್ಲಿ ನೋಡಬೇಕಾದ್ದು ಕಂಪ್ಯೂಟರಿನ ಹಿಂಭಾಗವನ್ನು. ಯಾವ್ಯಾವ ವೈರು ಚುಚ್ಚಿದ್ದೀರಿ, ಅದರ ಇನ್ನೊಂದು ತುದಿಯಲ್ಲಿ ಏನಿದೆ? ಆ ಪಟ್ಟಿಯೇ ನಿಮ್ಮ ಆಯ್ಕೆಯನ್ನು ಮುಕ್ಕಾಲು ಪಾಲು ತೀರ್ಮಾನ ಮಾಡಿಬಿಡುತ್ತದೆ.

ಪ್ರೋಗ್ರಾಂ ಓಡುತ್ತದೆ, ಡ್ರೈವರ್ ಓಡುವುದಿಲ್ಲ

ಎಕ್ಸ್86ಗೆ ಬರೆದ ಪ್ರೋಗ್ರಾಂ ಆರ್ಮ್ ಚಿಪ್‌ಗೆ ನೇರವಾಗಿ ಅರ್ಥವಾಗುವುದಿಲ್ಲ. ಮಧ್ಯೆ ಒಬ್ಬ ದುಭಾಷಿ ಬೇಕು. ವಿಂಡೋಸ್ 11ರಲ್ಲಿ ಆ ಕೆಲಸಕ್ಕೆ ಪ್ರಿಸಂ ಎಂಬ ಎಮ್ಯುಲೇಟರ್ ಇದೆ, ಮ್ಯಾಕ್‌ನಲ್ಲಿ ರೊಸೆಟ್ಟಾ 2 ಇದೆ. ಎರಡೂ ಚೆನ್ನಾಗಿವೆ. ಮಾಮೂಲಿ ಆಫೀಸ್ ಪ್ರೋಗ್ರಾಂಗಳು ಅನುವಾದವಾಗಿ ಓಡುತ್ತಿವೆ ಅಂತ ಬಳಸುವವರಿಗೆ ಗೊತ್ತೇ ಆಗುವುದಿಲ್ಲ. ಕ್ರೋಮ್, ಮೈಕ್ರೋಸಾಫ್ಟ್ ಆಫೀಸ್, ಫೋಟೋಶಾಪ್ ಮೊದಲಾದವಕ್ಕೆ ಈ ಅನುವಾದವೂ ಬೇಡ, ಆರ್ಮ್‌ಗೆಂದೇ ಬೇರೆ ಆವೃತ್ತಿ ಬಂದಿದೆ.

ತೊಂದರೆ ಇರುವುದು ಡ್ರೈವರ್‌ಗಳಲ್ಲಿ. ಪ್ರಿಂಟರ್, ಸ್ಕ್ಯಾನರ್, ಡಿಜಿಟಲ್ ಸಹಿಯ ಟೋಕನ್ ಇವನ್ನೆಲ್ಲ ವಿಂಡೋಸ್‌ಗೆ ಪರಿಚಯ ಮಾಡಿಕೊಡುವ ಚಿಕ್ಕ ಸಾಫ್ಟ್‌ವೇರ್ ಅದು. ಸಿಸ್ಟಂನ ತೀರಾ ಒಳಗೆ ಕೂತು ಕೆಲಸ ಮಾಡುತ್ತದೆ. ಅಲ್ಲಿಗೆ ಪ್ರಿಸಂ ಹೋಗುವುದಿಲ್ಲ. ಆರ್ಮ್ ಲ್ಯಾಪ್‌ಟಾಪಿಗೆ ಆರ್ಮ್64 ಡ್ರೈವರೇ ಬೇಕು, ಕಂಪನಿಯವರು ಬರೆದಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಹತ್ತು ಹದಿನೈದು ವರ್ಷ ಹಳೇ ಪ್ರಿಂಟರಿಗೆ ಈಗ ಹೊಸದಾಗಿ ಡ್ರೈವರ್ ಬರೆಯಲು ಯಾವ ಕಂಪನಿಗೆ ಪುರುಸೊತ್ತಿದೆ ಹೇಳಿ.

ಇದು ಹೊಸ ಕಥೆಯೂ ಅಲ್ಲ. ವಿಂಡೋಸ್ ಹಳೇ 32 ಬಿಟ್ ಬಗೆಯಿಂದ ಈಗಿನ 64 ಬಿಟ್ ಬಗೆಗೆ ಬಂದಾಗಲೂ ಹೀಗೇ ಆಗಿತ್ತು. 32 ಬಿಟ್ ಪ್ರೋಗ್ರಾಂ 64 ಬಿಟ್ ವಿಂಡೋಸ್‌ನಲ್ಲಿ ಇವತ್ತಿಗೂ ಓಡುತ್ತದೆ, 32 ಬಿಟ್ ಡ್ರೈವರ್ ಓಡುವುದಿಲ್ಲ. ವಿಂಡೋಸ್ 11ರಲ್ಲಿ 32 ಬಿಟ್ ಆವೃತ್ತಿಯೇ ಇಲ್ಲ. ಹಾಗಾಗಿ ಇಂಟೆಲ್‌ನಿಂದ ಇಂಟೆಲ್‌ಗೇ ಹೋಗುತ್ತಿದ್ದರೂ ಒಮ್ಮೆ ನೋಡಿಕೊಳ್ಳಿ. ಹಳೇ ಯಂತ್ರದಲ್ಲಿ ಸೆಟ್ಟಿಂಗ್ಸ್, ಸಿಸ್ಟಂ, ಅಬೌಟ್‌ಗೆ ಹೋಗಿ 'ಸಿಸ್ಟಂ ಟೈಪ್' ಅನ್ನುವ ಸಾಲು ಓದಿ. '32-ಬಿಟ್ ಆಪರೇಟಿಂಗ್ ಸಿಸ್ಟಂ' ಅಂತಿದ್ದರೆ ನಿಮಗೂ ಈ ಬರಹ ಪೂರ್ತಿ ಅನ್ವಯಿಸುತ್ತದೆ. ಅಂಗಡಿಯಲ್ಲಿ ಹೊಸ ಯಂತ್ರ ನೋಡುವಾಗಲೂ ಅದೇ ಸಾಲು ತೆರೆಯಿರಿ. 'ಎಕ್ಸ್64' ಅಂತಿದ್ದರೆ ಇಂಟೆಲ್ ಅಥವಾ ಎಎಂಡಿ, 'ಆರ್ಮ್' ಅಂತಿದ್ದರೆ ಸ್ನಾಪ್‌ಡ್ರಾಗನ್. ಡಬ್ಬದ ಮೇಲಿನ ಸ್ಟಿಕ್ಕರಿಗಿಂತ ಇದು ನಂಬಿಕೆಗೆ ಅರ್ಹ.

ಪ್ರಿಂಟರ್

ನಮ್ಮ ಜಿಲ್ಲೆಗಳ ಯಾವುದೇ ಜೆರಾಕ್ಸ್ ಅಂಗಡಿ, ವಕೀಲರ ಆಫೀಸು ನೋಡಿ. ಕ್ಯಾನನ್ ಎಲ್‌ಬಿಪಿ2900 ಅನ್ನುವ ಬೂದು ಬಿಳಿ ಬಣ್ಣದ ಪುಟ್ಟ ಲೇಸರ್ ಪ್ರಿಂಟರ್ ಕಂಡೇ ಕಾಣುತ್ತದೆ. ಟೋನರ್ ರೀಫಿಲ್ ಅಗ್ಗ, ಬಿಡಿಭಾಗ ಎಲ್ಲ ಕಡೆ ಸಿಗುತ್ತೆ, ಸಾಯುವುದೇ ಇಲ್ಲ. ಆದರೆ ಅದರ ಒಳಗುಟ್ಟು ಗೊತ್ತಿರಬೇಕು. ಆ ಪ್ರಿಂಟರಿಗೆ ಸ್ವಂತ ಬುದ್ಧಿ ಕಡಿಮೆ. ಪುಟವನ್ನು ಚುಕ್ಕಿ ಚುಕ್ಕಿಯಾಗಿ ಸಿದ್ಧ ಮಾಡುವ ಕೆಲಸವನ್ನು ಕಂಪ್ಯೂಟರ್ ಮಾಡಿಕೊಡಬೇಕು, ಕ್ಯಾನನ್‌ನ ಸಿಎಪಿಟಿ ಎಂಬ ಡ್ರೈವರ್ ಮೂಲಕ. ಡ್ರೈವರ್ ಇಲ್ಲದಿದ್ದರೆ ಅದು ಬರೀ ಡಬ್ಬ. ನೆಟ್‌ವರ್ಕ್ ಇಲ್ಲ, ವೈಫೈ ಇಲ್ಲ, ಯುಎಸ್‌ಬಿ ಒಂದೇ.

ಇಂಟೆಲ್ ಅಥವಾ ಎಎಂಡಿ ಯಂತ್ರ ತಗೊಂಡರೆ 64 ಬಿಟ್ ಡ್ರೈವರ್ ಇದೆ, ತಲೆಬಿಸಿ ಇಲ್ಲ. ಸ್ನಾಪ್‌ಡ್ರಾಗನ್ ತಗೊಂಡರೆ ಈ ಪ್ರಿಂಟರನ್ನು ಮರೆತುಬಿಡಿ. 'ಹಳೇ ಕಂಪ್ಯೂಟರಿಗೆ ಹಾಕಿ ಶೇರ್ ಮಾಡ್ತೀನಿ' ಅಂತ ಕೆಲವರು ಹೇಳುತ್ತಾರೆ. ವಿಂಡೋಸ್‌ನಲ್ಲಿ ಶೇರ್ ಮಾಡಿದರೂ ಹೊಸ ಲ್ಯಾಪ್‌ಟಾಪ್ ತನ್ನ ಬಗೆಯ ಡ್ರೈವರನ್ನೇ ಕೇಳುತ್ತದೆ, ಸುಮ್ನೆ ಹೊತ್ತು ಹಾಳು. ಪಿಡಿಎಫ್ ಮಾಡಿ ಶೇರ್ಡ್ ಫೋಲ್ಡರಿಗೆ ಹಾಕಿ, ಹಳೇ ಯಂತ್ರದಿಂದ ಪ್ರಿಂಟ್ ಕೊಡುವುದೇ ಸಲೀಸು. ದಿನಕ್ಕೆ ಹತ್ತು ಪುಟಕ್ಕೆ ಪರವಾಗಿಲ್ಲ. ಜೆರಾಕ್ಸ್ ಅಂಗಡಿಗೆ ಇದು ಆಗದ ಮಾತು. ಮ್ಯಾಕ್ ತಗೊಳ್ಳುವವರು ಕ್ಯಾನನ್ ಸೈಟಿನಲ್ಲಿ ತಮ್ಮ ಮ್ಯಾಕ್‌ಓಎಸ್ ಆವೃತ್ತಿಯ ಹೆಸರು ಆ ಪ್ರಿಂಟರಿನ ಪುಟದಲ್ಲಿದೆಯೇ ನೋಡಿಯೇ ಮುಂದುವರಿಯಬೇಕು.

ಹೊಸ ಪ್ರಿಂಟರ್ ಕೊಳ್ಳುವವರಿಗೆ ಮಾತು ಬೇರೆ. ಏರ್‌ಪ್ರಿಂಟ್ ಅಥವಾ ಮೊಪ್ರಿಯಾ ಅಂತ ಡಬ್ಬದ ಮೇಲೆ ಬರೆದಿದ್ದರೆ ಆ ಪ್ರಿಂಟರಿಗೆ ಕಂಪನಿಯ ಡ್ರೈವರೇ ಬೇಡ. ವಿಂಡೋಸ್ ಆಗಲಿ ಮ್ಯಾಕ್ ಆಗಲಿ ತಮ್ಮೊಳಗೇ ಇರುವ ಸಾಮಾನ್ಯ ಡ್ರೈವರಿನಿಂದ ಕೆಲಸ ಮಾಡಿಸಿಕೊಳ್ಳುತ್ತವೆ. ಮೊಬೈಲಿನಿಂದಲೂ ಪ್ರಿಂಟ್ ಹೋಗುತ್ತದೆ. ಮೈಕ್ರೋಸಾಫ್ಟ್ ಕೂಡ ಇದೇ ದಾರಿಗೆ ತಿರುಗಿದೆ: ಕಂಪನಿಗಳ ಬೇರೆ ಬೇರೆ ಡ್ರೈವರುಗಳನ್ನು ವಿಂಡೋಸ್ ಅಪ್‌ಡೇಟಿನಲ್ಲಿ ಹಂಚುವುದನ್ನು ಹಂತಹಂತವಾಗಿ ನಿಲ್ಲಿಸುತ್ತೇವೆ ಅಂತ 2023ರಲ್ಲೇ ಹೇಳಿತ್ತು. ಅಂದಮೇಲೆ ಯಾವ ಕಂಪ್ಯೂಟರ್ ಆದರೂ ಸರಿ, ಇನ್ನು ಮುಂದೆ ಬರೀ ಯುಎಸ್‌ಬಿ ಇರುವ ಅಗ್ಗದ ಪ್ರಿಂಟರ್ ತಗೊಳ್ಳಬೇಡಿ. ಸಾವಿರವೋ ಎರಡು ಸಾವಿರವೋ ಜಾಸ್ತಿ ಆದರೂ ವೈಫೈ ಇರುವುದನ್ನೇ ತಗೊಳ್ಳಿ.

ಬಿಲ್ಲಿಗೆ ಡಾಟ್ ಮ್ಯಾಟ್ರಿಕ್ಸ್ ಬಳಸುವವರು ಇನ್ನೂ ಬಹಳ ಇದ್ದಾರೆ. ಮೂರು ಪ್ರತಿ ಒಟ್ಟಿಗೆ ಬರಬೇಕು ಅಂದರೆ ಬೇರೆ ದಾರಿ ಏನಿದೆ? ಇವರು ಇಂಟೆಲ್, ಎಎಂಡಿ ಬಿಟ್ಟು ಆಚೆ ಹೋಗದಿರುವುದೇ ಒಳ್ಳೆಯದು. ಹಳೆಯ ಅಗಲ ಪ್ಯಾರಲಲ್ ಪೋರ್ಟ್ ಈಗಿನ ಯಾವ ಲ್ಯಾಪ್‌ಟಾಪಿನಲ್ಲೂ ಇಲ್ಲ, ಅದಕ್ಕೊಂದು ಯುಎಸ್‌ಬಿ ಕೇಬಲ್ ಸಿಗುತ್ತದೆ. ಅದನ್ನು ಹಾಕಿದರೆ ಪ್ರಿಂಟರ್ 'ಯುಎಸ್‌ಬಿ001' ಅನ್ನುವ ಪೋರ್ಟಿನಲ್ಲಿ ಕಾಣಿಸುತ್ತದೆ. ಕೆಲವು ಹಳೇ ಬಿಲ್ಲಿಂಗ್ ಪ್ರೋಗ್ರಾಂ ಮಾತ್ರ ಎಲ್‌ಪಿಟಿ1ಕ್ಕೇ, ಅಂದರೆ ಆ ಹಳೇ ಪ್ಯಾರಲಲ್ ಪೋರ್ಟಿಗೇ ಕಳಿಸುತ್ತೇನೆ ಅಂತ ಹಟ ಹಿಡಿಯುತ್ತದೆ. ಆಗ ಪ್ರಿಂಟರನ್ನು ಶೇರ್ ಮಾಡಿ ನೆಟ್ ಯೂಸ್ ಕಮಾಂಡಿನಿಂದ ಎಲ್‌ಪಿಟಿ1ಕ್ಕೆ ಕಟ್ಟಬೇಕು. ಸರ್ವಿಸ್ ಹುಡುಗರಿಗೆ ಇದು ಗೊತ್ತಿರುತ್ತದೆ.

ಕನ್ನಡ ಟೈಪಿಂಗ್

ಬೆಂಗಳೂರಿನ ಇಂಗ್ಲಿಷ್ ವಿಮರ್ಶೆಗಳಲ್ಲಿ ಈ ವಿಷಯ ಹುಡುಕಿದರೂ ಸಿಗುವುದಿಲ್ಲ. ನಮಗೆ ಇದು ಪ್ರಿಂಟರಿಗಿಂತ ದೊಡ್ಡ ವಿಷಯ.

ನುಡಿ, ಬರಹ ತರಹದ ತಂತ್ರಾಂಶಗಳಲ್ಲಿ ಎರಡು ಭಾಗ ಇರುತ್ತವೆ. ಒಂದು ಫಾಂಟು. ಫಾಂಟಿಗೆ ಯಾವ ಚಿಪ್ ಅನ್ನುವುದು ಲೆಕ್ಕಕ್ಕಿಲ್ಲ, ಟಿಟಿಎಫ್ ಫೈಲನ್ನು ವಿಂಡೋಸ್‌ಗೂ ಹಾಕಬಹುದು, ಮ್ಯಾಕ್‌ಗೂ ಹಾಕಬಹುದು. ನುಡಿ 01 ಇ ಫಾಂಟಿನಲ್ಲಿ ಮಾಡಿದ ಹಳೇ ಫೈಲು ಆ ಫಾಂಟ್ ಇದ್ದರೆ ಎಲ್ಲಾದರೂ ಓದಲು ಬರುತ್ತದೆ. ಇನ್ನೊಂದು ಭಾಗ ನೀವು ಕೀಲಿ ಒತ್ತಿದಾಗ ಅದನ್ನು ನಡುವೆ ಹಿಡಿದು ಕನ್ನಡ ಅಕ್ಷರ ಮಾಡಿಕೊಡುವ ಪುಟ್ಟ ಪ್ರೋಗ್ರಾಂ. ಕೈಕೊಡುವುದು ಇದು. ಬೇರೆ ಪ್ರೋಗ್ರಾಂಗಳ ಒಳಗೆ ಕೈ ಹಾಕಿ ಕೆಲಸ ಮಾಡುವ ಇಂಥ ಟೈಪಿಂಗ್ ಸಲಕರಣೆಗಳು ಆರ್ಮ್ ವಿಂಡೋಸ್‌ನಲ್ಲಿ ಸರಿಯಾಗಿ ನಡೆಯಬೇಕಾದರೆ ಆರ್ಮ್‌ಗೆಂದೇ ಮತ್ತೆ ತಯಾರಾಗಬೇಕು ಅಂತ ಮೈಕ್ರೋಸಾಫ್ಟೇ ಹೇಳುತ್ತದೆ. ಕಾರಣ ಸರಳ. ಎಕ್ಸ್86 ತುಂಡು ಹೋಗಿ ಆರ್ಮ್ ಪ್ರೋಗ್ರಾಂ ಒಳಗೆ ಕೂರಲಾರದು. ಹಾಗಾಗಿ ಒಂದು ಕಡೆ ಕನ್ನಡ ಮೂಡಬಹುದು, ಇನ್ನೊಂದು ಕಡೆ ಅದೇ ಕೀಲಿಗೆ ಇಂಗ್ಲಿಷ್ ಅಕ್ಷರ ಬರಬಹುದು. ಗ್ರಾಹಕ ಎದುರಿಗೆ ಕೂತು ಗೃಹಪ್ರವೇಶದ ಆಮಂತ್ರಣ ಹೇಳುತ್ತಿರುವಾಗ ಹೀಗಾದರೆ ಏನು ಗತಿ?

ಯೂನಿಕೋಡ್‌ನಲ್ಲಿ, ಅಂದರೆ ಮೊಬೈಲಿನಲ್ಲೂ ಇಂಟರ್ನೆಟ್ಟಿನಲ್ಲೂ ಬಳಸುವ ಸಾಮಾನ್ಯ ಅಕ್ಷರ ಸಂಕೇತದಲ್ಲಿ ಮಾತ್ರ ಬರೆಯುವವರಿಗೆ ಈ ಚಿಂತೆ ಇಲ್ಲ. ವಿಂಡೋಸ್ ಒಳಗೇ ಕನ್ನಡ ಇನ್‌ಸ್ಕ್ರಿಪ್ಟ್ ಕೀಬೋರ್ಡ್ ಇದೆ, 2019ರಿಂದ ಇಂಗ್ಲಿಷ್ ಅಕ್ಷರದ ಉಚ್ಚಾರಣೆಯಂತೆ ಕನ್ನಡ ಬರೆಯುವ ಫೊನೆಟಿಕ್ ಕೂಡ ಸೇರಿದೆ. ಅದು ಸಿಸ್ಟಂನ ಭಾಗ, ಚಿಪ್ ಯಾವುದಾದರೂ ಓಡುತ್ತದೆ. ಮ್ಯಾಕ್‌ನಲ್ಲೂ ಕನ್ನಡ ಕೀಬೋರ್ಡ್ ಒಳಗೇ ಬರುತ್ತದೆ. ನುಡಿಯ ಕೀಲಿ ವಿನ್ಯಾಸಕ್ಕೆ ಬೆರಳು ಪಳಗಿದವರಿಗೆ ಇನ್‌ಸ್ಕ್ರಿಪ್ಟ್ ಮೊದಮೊದಲು ಕಿರಿಕಿರಿ. ಮೂವತ್ತು ವರ್ಷ ಒಂದೇ ರೀತಿ ಟೈಪ್ ಮಾಡಿದ ಕೈಯನ್ನು ಕಂಪ್ಯೂಟರಿಗೋಸ್ಕರ ಬದಲಾಯಿಸಿ ಅಂತ ನಾನಂತೂ ಹೇಳುವುದಿಲ್ಲ. ಅವರಿಗೆ ಎಕ್ಸ್86 ಯಂತ್ರ ಕೊಡಿಸಿ.

ಡಿಟಿಪಿಯವರಿಗೆ ಇನ್ನೂ ಒಂದು ಗಂಟು: ಪುಟ ವಿನ್ಯಾಸ ಮಾಡುವ ಪೇಜ್‌ಮೇಕರ್ ಪ್ರೋಗ್ರಾಂ. 7.0 ಬಂದದ್ದು 2001ರಲ್ಲಿ, ಅದೇ ಕೊನೆಯದು. ನಮ್ಮ ಊರುಗಳಲ್ಲಿ ಕರಪತ್ರ, ಲಗ್ನಪತ್ರಿಕೆ, ಸಂಘದ ವಾರ್ಷಿಕ ವರದಿ ಎಲ್ಲ ಇವತ್ತಿಗೂ ಅದರಲ್ಲೇ. ಮ್ಯಾಕ್‌ನಲ್ಲಿ ಅದು ಇಂಟೆಲ್ ಕಾಲಕ್ಕೇ ಸತ್ತಿತು, 2006ರಿಂದ ಬಂದ ಯಾವ ಮ್ಯಾಕ್‌ನಲ್ಲೂ ತೆರೆಯುವುದಿಲ್ಲ. ಹೊಸ ಇಂಟೆಲ್ ಯಂತ್ರದಲ್ಲಿ ಹೇಗೋ ತಳ್ಳಿಕೊಂಡು ಹೋಗಬಹುದು. ಆದರೆ ಹೊಸ ಯಂತ್ರಕ್ಕೆ ದುಡ್ಡು ಹಾಕುವಾಗಲಾದರೂ ಹಳೇ ಫೈಲುಗಳನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳಿ. ಯಾವತ್ತೋ ಒಂದು ದಿನ ಅದು ತೆರೆಯದೆ ಹೋಗುತ್ತದೆ.

ತೂಕದ ಯಂತ್ರ, ಥಂಬ್ ಮೆಷಿನ್, ಟೋಕನ್

ಕಾಫಿ ಖರೀದಿ ಕೇಂದ್ರದಲ್ಲಿ ಎಲೆಕ್ಟ್ರಾನಿಕ್ ತಕ್ಕಡಿಯಿಂದ ತೂಕ ನೇರವಾಗಿ ಕಂಪ್ಯೂಟರಿಗೆ ಬರುವ ವ್ಯವಸ್ಥೆ ಇದ್ದರೆ, ಆ ತಕ್ಕಡಿಯ ಹಿಂದೆ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟ್ ಇರುತ್ತದೆ. ಅಲ್ಲಿಂದ ಯುಎಸ್‌ಬಿಗೆ ಬದಲಾಯಿಸುವ ಕೇಬಲ್ ಒಂದು ಇರುತ್ತದೆ. ಎಲ್ಲ ಆಟ ಆ ಕೇಬಲ್ಲಿನ ಪ್ಲಾಸ್ಟಿಕ್ ಗಂಟಿನೊಳಗಿನ ಚಿಪ್‌ದು.

ಅಗ್ಗದ ಕೇಬಲ್ ಹೊಸ ವಿಂಡೋಸ್‌ಗೆ ಹಾಕಿ ಡಿವೈಸ್ ಮ್ಯಾನೇಜರ್ ತೆರೆದು ನೋಡಿ. ಪೋರ್ಟ್ಸ್ ಅನ್ನುವಲ್ಲಿ ಹಳದಿ ತ್ರಿಕೋನದ ಪಕ್ಕ 'ಪಿಎಲ್2303ಎಚ್‌ಎಕ್ಸ್‌ಎ ಫೇಸ್ಡ್ ಔಟ್ ಸಿನ್ಸ್ 2012, ಪ್ಲೀಸ್ ಕಾಂಟ್ಯಾಕ್ಟ್ ಯುವರ್ ಸಪ್ಲೈಯರ್' ಅಂತ ಸಾಧನದ ಹೆಸರಿನ ಜಾಗದಲ್ಲೇ ಬರೆದಿರುವುದು ಕಂಡರೆ ಗಾಬರಿ ಬೀಳಬೇಡಿ. ತಕ್ಕಡಿ ಕೆಟ್ಟಿಲ್ಲ, ಕಂಪ್ಯೂಟರೂ ಕೆಟ್ಟಿಲ್ಲ. ಕೇಬಲ್ಲಿನಲ್ಲಿರುವುದು ಪ್ರೊಲಿಫಿಕ್ ಕಂಪನಿಯ ಹಳೇ ಚಿಪ್, ಇಲ್ಲವೇ ಅದರ ನಕಲು. ಹೊಸ ಡ್ರೈವರ್ ಅದನ್ನು ಬೇಕೆಂದೇ ಒಪ್ಪುವುದಿಲ್ಲ. ಎಫ್‌ಟಿಡಿಐ ಕಂಪನಿಯ ಚಿಪ್ ಇರುವ ಕೇಬಲ್ ತನ್ನಿ. ಬೆಲೆ ಸ್ವಲ್ಪ ಜಾಸ್ತಿ, ಆದರೆ ಅದಕ್ಕೆ ಎಕ್ಸ್86, ಆರ್ಮ್ ವಿಂಡೋಸ್ ಎರಡರಲ್ಲೂ ಡ್ರೈವರ್ ಇದೆ, ಮ್ಯಾಕ್‌ನಲ್ಲೂ ನಡೆಯುತ್ತದೆ. ಇಡೀ ಹಳೇ ಸಲಕರಣೆಗಳ ಪೈಕಿ ಆರ್ಮ್‌ಗೆ ಸುಲಭವಾಗಿ ಹೊಂದುವುದು ಇದೊಂದೇ ಅಂದರೂ ತಪ್ಪಿಲ್ಲ. ಹೊಸ ಯಂತ್ರದಲ್ಲಿ ವಿಂಡೋಸ್ ಆ ಕೇಬಲ್ಲಿಗೆ ಕೊಡುವ ಕಾಂ ಪೋರ್ಟ್ ಸಂಖ್ಯೆ ಬದಲಾಗಿರಬಹುದು. ತೂಕದ ಪ್ರೋಗ್ರಾಂನಲ್ಲಿ ಅದನ್ನು ಸರಿಮಾಡಿ, 9600 ಅನ್ನುವ ವೇಗದ ಸಂಖ್ಯೆ ಹಳೇ ಯಂತ್ರದಲ್ಲಿದ್ದಂತೆಯೇ ಇದೆಯಾ ನೋಡಿ.

ಡಿಎಸ್‌ಸಿ ಟೋಕನ್, ಅಂದರೆ ಡಿಜಿಟಲ್ ಸಹಿ ಇಟ್ಟಿರುವ ಪೆನ್‌ಡ್ರೈವ್‌ನಂಥ ಸಾಧನದ ವಿಷಯದಲ್ಲಿ ನನ್ನ ಅಭಿಪ್ರಾಯ ಖಡಾಖಂಡಿತ. ಆಡಿಟರ್ ಆಫೀಸು, ಗುತ್ತಿಗೆದಾರರು, ಟೆಂಡರ್ ಹಾಕುವವರು ಸದ್ಯಕ್ಕೆ ಆರ್ಮ್ ವಿಂಡೋಸ್ ಮುಟ್ಟಬೇಡಿ. ಅಲ್ಲಿ ಬೇಕಾಗಿರುವುದು ಒಂದಲ್ಲ, ಸರಪಳಿ. ಟೋಕನ್ ಡ್ರೈವರ್ ಇರಬೇಕು, ಜಿಎಸ್‌ಟಿ ಸೈಟಿಗೆ ಸಹಿ ಹಾಕಿಸುವ ಎಂಸೈನರ್ ಪ್ರೋಗ್ರಾಂ ಓಡುತ್ತಿರಬೇಕು, ಅದು ಬ್ರೌಸರಿನ ಜೊತೆ ಮಾತಾಡಬೇಕು. ನಡುವೆ ಒಂದು ಕೊಂಡಿ ಕಳಚಿದರೂ ಸಹಿ ಬೀಳುವುದಿಲ್ಲ, ಅದೂ ರಿಟರ್ನ್ ಹಾಕುವ ಕೊನೇ ದಿನ ರಾತ್ರಿ. ಸ್ವಂತ ಹೆಸರಿನ ಸಣ್ಣ ವ್ಯಾಪಾರ ಇದ್ದು ಮೊಬೈಲಿಗೆ ಬರುವ ಓಟಿಪಿಯಿಂದ ದೃಢೀಕರಣ (ಇವಿಸಿ) ಮಾಡುವವರಿಗೆ ಟೋಕನ್ನೇ ಬೇಡ, ಅವರಿಗೆ ಯಾವ ಲ್ಯಾಪ್‌ಟಾಪ್ ಆದರೂ ಒಂದೇ. ಕಂಪನಿ, ಎಲ್‌ಎಲ್‌ಪಿ ಆದರೆ ಜಿಎಸ್‌ಟಿಗೆ ಡಿಎಸ್‌ಸಿ ಬೇಕೇ ಬೇಕು.

ಆಧಾರ್ ಬೆರಳಚ್ಚು ಪಡೆಯುವ ಥಂಬ್ ಮೆಷಿನ್‌ಗೂ ಇದೇ ಮಾತು. ಅದಕ್ಕೆ ಡ್ರೈವರ್ ಜೊತೆ, ಬೆರಳಚ್ಚನ್ನು ಸುರಕ್ಷಿತವಾಗಿ ಕಳಿಸುವ ಆರ್‌ಡಿ ಸರ್ವಿಸ್ ಅನ್ನುವ ಪ್ರೋಗ್ರಾಮೂ ಬೇಕು. ಸೇವಾ ಕೇಂದ್ರ ನಡೆಸುವವರು ಇಂಟೆಲ್, ಎಎಂಡಿ ಅಂತ ಕಣ್ಣುಮುಚ್ಚಿ ಹೇಳಿ. ಹಳೇ ಎಲ್0 ಭದ್ರತಾ ಮಟ್ಟದ ಮೆಷಿನ್ ಇಟ್ಟುಕೊಂಡಿದ್ದರೆ ಅದನ್ನೂ ಎಲ್1ಕ್ಕೆ ಬದಲಾಯಿಸಬೇಕು, ಅದಕ್ಕೂ ಕಂಪ್ಯೂಟರಿಗೂ ಸಂಬಂಧ ಇಲ್ಲ.

ಟ್ಯಾಲಿ ಮತ್ತು ಡಾಸ್ ಕಾಲದ ಲೆಕ್ಕ

ಟ್ಯಾಲಿ ವಿಂಡೋಸ್‌ಗೆ ಬರೆದದ್ದು. ಮ್ಯಾಕ್‌ಗೆ ಅದರ ಆವೃತ್ತಿ ಇಲ್ಲ. ಹಿಂದೆ ಇಂಟೆಲ್ ಮ್ಯಾಕ್‌ನಲ್ಲಿ ಬೂಟ್ ಕ್ಯಾಂಪ್ ಹಾಕಿ ವಿಂಡೋಸನ್ನೇ ಓಡಿಸುತ್ತಿದ್ದರು, ಎಂ ಚಿಪ್‌ನ ಮ್ಯಾಕ್‌ನಲ್ಲಿ ಬೂಟ್ ಕ್ಯಾಂಪ್ ಇಲ್ಲ. ಮ್ಯಾಕ್ ಒಳಗೇ ವಿಂಡೋಸ್ ಓಡಿಸುವ ಪ್ಯಾರಲಲ್ಸ್ ಎಂಬ ಪ್ರೋಗ್ರಾಂ ಹಾಕಬಹುದು, ಆದರೆ ಅದರಲ್ಲಿ ಓಡುವುದೂ ಆರ್ಮ್ ವಿಂಡೋಸೇ. ಅಂದರೆ ಮ್ಯಾಕ್ ದುಡ್ಡು, ಪ್ಯಾರಲಲ್ಸ್ ದುಡ್ಡು, ವಿಂಡೋಸ್ ದುಡ್ಡು ಎಲ್ಲ ಕೊಟ್ಟು ಕೊನೆಗೆ ಸ್ನಾಪ್‌ಡ್ರಾಗನ್‌ನ ತಾಪತ್ರಯಗಳನ್ನೇ ಕೊಂಡಂತಾಯಿತು. ಕ್ಲೌಡ್‌ನಲ್ಲಿ ಟ್ಯಾಲಿ ಇಟ್ಟುಕೊಳ್ಳಿ ಅನ್ನುವವರೂ ಇದ್ದಾರೆ. ಜುಲೈ ತಿಂಗಳಲ್ಲಿ ಮೂಡಿಗೆರೆ ಕಡೆಯ ತೋಟದಲ್ಲಿ ಕೂತು ನೆಟ್‌ವರ್ಕ್ ಹುಡುಕಿದವರು ಇದಕ್ಕೆ ಉತ್ತರ ಹೇಳಲಿ.

ಸಹಕಾರ ಸಂಘಗಳಲ್ಲಿ, ಹಳೇ ಮಂಡಿಗಳಲ್ಲಿ ಫಾಕ್ಸ್‌ಪ್ರೊ ಎಂಬ ಹಳೇ ಡೇಟಾಬೇಸ್ ಸಲಕರಣೆಯಲ್ಲಿ ಬರೆಸಿದ, ವಿಂಡೋಸ್‌ಗೂ ಮುಂಚಿನ ಡಾಸ್‌ನ 16 ಬಿಟ್ ಪ್ರೋಗ್ರಾಂ ಇನ್ನೂ ಉಸಿರಾಡುತ್ತಿರುತ್ತದೆ. ಅದು 32 ಬಿಟ್ ವಿಂಡೋಸ್‌ನಲ್ಲಿ ಓಡಿದ್ದೇ ಕೊನೆ. 64 ಬಿಟ್ ವಿಂಡೋಸ್‌ನಲ್ಲಿ 16 ಬಿಟ್ ಪ್ರೋಗ್ರಾಂ ಓಡಿಸುವ ವ್ಯವಸ್ಥೆಯೇ ಇಲ್ಲ, ಇಂಟೆಲ್ ಆದರೂ ಅಷ್ಟೇ. ಡಾಸ್‌ಬಾಕ್ಸ್ ಹಾಕಿ ನೋಡಬಹುದು. ತಮಾಷೆ ಏನೆಂದರೆ ಡಾಸ್‌ಬಾಕ್ಸ್ ಇಡೀ ಹಳೇ ಯಂತ್ರವನ್ನೇ ಸಾಫ್ಟ್‌ವೇರಿನಲ್ಲಿ ನಟಿಸುವುದರಿಂದ ಮ್ಯಾಕ್, ಸ್ನಾಪ್‌ಡ್ರಾಗನ್, ಇಂಟೆಲ್ ಮೂರರಲ್ಲೂ ನಡೆಯುತ್ತದೆ. ಲೆಕ್ಕ ತೆರೆಯುತ್ತದೆ, ಪ್ರಿಂಟ್ ತೆಗೆಯುವುದೇ ಪಾಡು.

ಕರೆಂಟು ಹೋದಾಗ

ಇಷ್ಟೆಲ್ಲ ಬೈದ ಮೇಲೆ ಆರ್ಮ್‌ನ ಪರವಾಗಿ ಹೇಳಬೇಕಾದ್ದೂ ಇದೆ. ಮಳೆಗಾಲದಲ್ಲಿ ಮಲೆನಾಡಿನಲ್ಲಿ ಮರ ಬಿದ್ದು ಕರೆಂಟು ಹೋದರೆ ಎರಡು ಮೂರು ದಿನ ಬರದೇ ಇರುವುದು ಹೊಸದೇನಲ್ಲ. ಯುಪಿಎಸ್ ಮೊದಲ ರಾತ್ರಿಗೇ ಕೈಚೆಲ್ಲುತ್ತದೆ. ಸ್ನಾಪ್‌ಡ್ರಾಗನ್ ಮತ್ತು ಎಂ ಚಿಪ್ ಯಂತ್ರಗಳು ಕಡಿಮೆ ವಿದ್ಯುತ್ತಿನಲ್ಲಿ ಕೆಲಸ ಮಾಡುತ್ತವೆ. ಬ್ಯಾಟರಿ ಬಹಳ ಹೊತ್ತು ಬರುತ್ತದೆ, ಬಿಸಿಯಾಗುವುದಿಲ್ಲ. ಮ್ಯಾಕ್‌ಬುಕ್ ಏರ್‌ನಲ್ಲಿ ಫ್ಯಾನೇ ಇಲ್ಲ. ಮುಚ್ಚಿ ಇಟ್ಟು ಮಾರನೇ ದಿನ ತೆರೆದರೂ ಚಾರ್ಜು ಹೆಚ್ಚು ಇಳಿದಿರುವುದಿಲ್ಲ. ಮೇಲ್ ನೋಡುವುದು, ಎಕ್ಸೆಲ್‌ನಲ್ಲಿ ಮಸ್ಟರ್ ರೋಲ್ ಬರೆಯುವುದು, ಮಕ್ಕಳ ಓದು, ಆನ್‌ಲೈನ್ ಮೀಟಿಂಗ್ ಇಷ್ಟೇ ಕೆಲಸ ಇದ್ದು, ಚುಚ್ಚಲು ಹಳೇ ಸಾಮಾನು ಏನೂ ಇಲ್ಲದಿದ್ದರೆ ಆರ್ಮ್ ಯಂತ್ರವೇ ಸುಖ. ಹೋಮ್‌ಸ್ಟೇ ನಡೆಸುವವರಿಗೆ ನಾನು ಧೈರ್ಯವಾಗಿ ಹೇಳುವುದು ಇದನ್ನೇ.

ಇಂಟೆಲ್‌ನವರೂ ಸುಮ್ಮನೆ ಕೂತಿಲ್ಲ. 2024ರಲ್ಲಿ ಬಂದ ಕೋರ್ ಅಲ್ಟ್ರಾ 200ವಿ ಸರಣಿಯ ಲ್ಯಾಪ್‌ಟಾಪ್‌ಗಳು ಬ್ಯಾಟರಿಯಲ್ಲಿ ಆರ್ಮ್‌ಗೆ ಹತ್ತಿರ ಬಂದಿವೆ, ಅವು ಎಕ್ಸ್86 ಆದ್ದರಿಂದ ಹಳೇ ಡ್ರೈವರುಗಳೂ ನಡೆಯುತ್ತವೆ. ಬೆಲೆ ಜಾಸ್ತಿ, ರ‍್ಯಾಮ್ ಆಮೇಲೆ ಹೆಚ್ಚಿಸಲು ಬರುವುದಿಲ್ಲ. ಎರಡೂ ಬೇಕು, ದುಡ್ಡೂ ಇದೆ ಅನ್ನುವ ತೋಟದ ಮಾಲೀಕರು ಇದನ್ನು ನೋಡಬಹುದು.

ಫೋಟೋ ಸ್ಟುಡಿಯೋದವರಿಗೆ ಮ್ಯಾಕ್ ನಿಜಕ್ಕೂ ಹೊಂದುತ್ತದೆ, ಅವರ ಮುಖ್ಯ ಸಾಫ್ಟ್‌ವೇರೆಲ್ಲ ಎಂ ಚಿಪ್‌ಗೆ ಬಂದಾಗಿದೆ. ಆದರೆ ಅವಕ್ಕೆ ಸೇರಿಸಿಕೊಂಡ ಹಳೇ ಪ್ಲಗಿನ್‌ಗಳು ಇನ್ನೂ ಇಂಟೆಲ್‌ನವೇ ಇರಬಹುದು, ನೋಡಿಕೊಳ್ಳಿ. ರೊಸೆಟ್ಟಾ 2 ಎಲ್ಲ ಪ್ರೋಗ್ರಾಂಗಳಿಗೂ ಸಿಗುವುದು ಮ್ಯಾಕ್‌ಓಎಸ್ 27ರ ತನಕ ಅಂತ ಆಪಲ್ 2025ರಲ್ಲೇ ತಿಳಿಸಿದೆ. ಆಮೇಲೆ ಕೆಲವು ಹಳೇ ಗೇಮ್‌ಗಳಿಗಷ್ಟೇ. ಆಪಲ್ ಹೀಗೆ ಮಾಡುವುದು ಮೊದಲ ಸಲವೂ ಅಲ್ಲ, 2006ರಲ್ಲಿ ಕೊಟ್ಟ ಮೊದಲ ರೊಸೆಟ್ಟಾವನ್ನು 2011ರ ಲಯನ್ ಎಂಬ ಮ್ಯಾಕ್ ಆವೃತ್ತಿಯಲ್ಲಿ ಕಿತ್ತುಹಾಕಿತು. ಆಕ್ಟಿವಿಟಿ ಮಾನಿಟರ್‌ನಲ್ಲಿ 'ಕೈಂಡ್' ಅನ್ನುವ ಕಾಲಂ ನೋಡಿದರೆ ಯಾವ ಪ್ರೋಗ್ರಾಂ ಇನ್ನೂ 'ಇಂಟೆಲ್' ಆಗಿದೆ ಅಂತ ಗೊತ್ತಾಗುತ್ತದೆ.

ದುಡ್ಡು ಕೊಡುವ ಮುಂಚೆ

ಹಳೇ ಪ್ರಿಂಟರ್, ಟೋಕನ್, ತಕ್ಕಡಿ ಕೇಬಲ್ ಚೀಲಕ್ಕೆ ಹಾಕಿಕೊಂಡು ಅಂಗಡಿಗೇ ಹೋಗಿ. ನಾಚಿಕೆ ಏನಿಲ್ಲ. ಡೆಮೋ ಯಂತ್ರಕ್ಕೆ ಚುಚ್ಚಿ ಒಂದು ಪುಟ ಪ್ರಿಂಟ್ ತೆಗೆಸಿ, ಟೋಕನ್ ಒಳಗಿನ ಹೆಸರು ಪರದೆ ಮೇಲೆ ಕಾಣುವ ತನಕ ಬಿಡಬೇಡಿ. 'ಎಲ್ಲಾ ವರ್ಕ್ ಆಗುತ್ತೆ ಸಾರ್' ಅನ್ನುವ ಮಾತನ್ನು ಬಿಲ್ಲಿನ ಹಿಂದೆ ಬರೆದುಕೊಡಿ ಅನ್ನಿ, ಆಗ ಉತ್ತರ ಸ್ವಲ್ಪ ಬದಲಾಗುತ್ತದೆ. ಆನ್‌ಲೈನ್‌ನಲ್ಲಿ ತರಿಸುವುದಾದರೆ 'ಹೊಂದಲಿಲ್ಲ' ಅನ್ನುವ ಕಾರಣಕ್ಕೆ ವಾಪಸ್ ತಗೊಳ್ಳುತ್ತಾರಾ ಓದಿ. ಎಷ್ಟೋ ಕಡೆ ಬದಲಿ ಕೊಡುವುದು ಕೆಟ್ಟಿದ್ದರೆ ಮಾತ್ರ.

ತೆಳ್ಳಗಿನ ಲ್ಯಾಪ್‌ಟಾಪ್‌ಗಳಲ್ಲಿ ದೊಡ್ಡ ಯುಎಸ್‌ಬಿ, ಲ್ಯಾನ್ ಪೋರ್ಟ್ ಇರುವುದಿಲ್ಲ. ಹಬ್ ಒಂದನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಹಳೇ ಯಂತ್ರವನ್ನು ಎಕ್ಸ್‌ಚೇಂಜ್‌ಗೆ ಕೊಟ್ಟುಬಿಡುವ ಆತುರ ಬೇಡ. ಸಿಗುವ ದುಡ್ಡು ಅಷ್ಟಕ್ಕಷ್ಟೇ. ಇಂಟರ್ನೆಟ್ ಕಿತ್ತುಹಾಕಿ, ಹಳೇ ಪ್ರಿಂಟರ್, ಪೇಜ್‌ಮೇಕರ್, ಡಾಸ್ ಲೆಕ್ಕ ಇವಕ್ಕೆ ಮಾತ್ರ ಮೂಲೆಯಲ್ಲಿ ಇಟ್ಟುಕೊಳ್ಳಿ. ನೆಟ್ ಬೇಕೇ ಬೇಕು ಅಂದರೆ ವಿಂಡೋಸ್ 10ಕ್ಕೆ 2026ರ ಅಕ್ಟೋಬರ್ ತನಕ ಹೆಚ್ಚುವರಿ ಭದ್ರತಾ ಅಪ್‌ಡೇಟಿಗೆ ಹೆಸರು ನೋಂದಾಯಿಸುವ ಅವಕಾಶ ಮೈಕ್ರೋಸಾಫ್ಟ್ ಕೊಟ್ಟಿದೆ. ಹಳೇ ಯಂತ್ರದಲ್ಲಿರುವ ಡ್ರೈವರುಗಳನ್ನು ಒಂದು ಪೆನ್‌ಡ್ರೈವ್‌ಗೆ ತೆಗೆದಿಡಿ, ಕಂಪನಿಯ ಸೈಟಿನಿಂದ ಅವು ಯಾವಾಗ ಮಾಯವಾಗುತ್ತವೋ ಹೇಳಲಾಗದು. ಏನೇ ಬದಲಾಯಿಸುವುದಿದ್ದರೂ ಏಪ್ರಿಲ್‌ನಲ್ಲಿ ಮಾಡಿ. ಮಾರ್ಚ್ 31ರ ಲೆಕ್ಕ ಮುಚ್ಚುವ ಗಡಿಬಿಡಿಯಲ್ಲಿ ಆಡಿಟರ್ ಆಫೀಸಿನಲ್ಲಿ ಯಾರೂ ನಿಮ್ಮ ಫೋನ್ ಎತ್ತುವುದಿಲ್ಲ.